ಸಣ್ಣ ಕೋಣೆಯನ್ನು ಮುಚ್ಚಿಟ್ಟು ಏರ್ ಕೂಲರ್ ಹಾಕಬೇಡಿ: ಏಳು ಲೆನ್ಸ್‌ಗಳಿಗೆ ಬೂಷ್ಟು ಹಿಡಿದ ಬೇಸಿಗೆ

ಹವ್ಯಾಸಕ್ಕೆಂದು ಮನೆಯಲ್ಲಿ ಒಂದು ಸಣ್ಣ ಕೋಣೆಯನ್ನು ಇಟ್ಟುಕೊಂಡು, ಬೇಸಿಗೆಯಲ್ಲಿ ಅಲ್ಲಿ ಅರ್ಧ ಗಂಟೆಯೂ ಕೂರಲಾಗದೆ, ನೀರು ತುಂಬಿಸುವ ಏರ್ ಕೂಲರ್ ಒಂದನ್ನು ತಂದಿಡೋಣವೆಂದು ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕೋಣೆಯ ಬಾಗಿಲು ಕಿಟಕಿಗಳನ್ನು ಮುಚ್ಚಿ ಕೂಲರ್ ನಡೆಸಿದ್ದರಿಂದ ನನ್ನ ಬಳಿಯಿದ್ದ ಹನ್ನೊಂದು ಹಳೆಯ ಕ್ಯಾಮೆರಾ ಲೆನ್ಸ್‌ಗಳಲ್ಲಿ ಏಳಕ್ಕೆ ಬೂಷ್ಟು ಹಿಡಿಯಿತು. ಅವುಗಳಲ್ಲಿ ಒಂದು ನನ್ನದಲ್ಲ, ಗೆಳೆಯರೊಬ್ಬರು ದುರಸ್ತಿಗೆಂದು ನಂಬಿ ಕೊಟ್ಟಿದ್ದದ್ದು.

ಹಳೆಯ ಫಿಲ್ಮ್ ಕ್ಯಾಮೆರಾಗಳನ್ನು ಬಿಚ್ಚಿ, ಶುಚಿಗೊಳಿಸಿ, ಮತ್ತೆ ನಡೆಯುವಂತೆ ಮಾಡುವುದು ನನ್ನ ಹವ್ಯಾಸ. ಇದಕ್ಕಾಗಿ ಮೇಲಿನ ಮಹಡಿಯಲ್ಲಿ ಹತ್ತಡಿ ಉದ್ದ, ಎಂಟಡಿ ಅಗಲದ ಕೋಣೆಯೊಂದನ್ನು ಬಿಟ್ಟುಕೊಂಡಿದ್ದೇನೆ. ಮೇಲೆ ಕಾಂಕ್ರೀಟ್ ತಾರಸಿ, ಪಶ್ಚಿಮಕ್ಕೆ ಒಂದು ಕಿಟಕಿ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಚಿಮುಟ ಹಿಡಿದರೆ ಬೆರಳು ಬೆವರಿ ಜಾರುತ್ತದೆ, ಕಾಳಿನಷ್ಟು ಸಣ್ಣ ಸ್ಕ್ರೂಗಳು ಕೈತಪ್ಪಿ ಬೀಳುತ್ತವೆ. ಕೂರುವವನ ಕಷ್ಟ ಒಂದು ಕಡೆಯಾದರೆ, ಧಗೆಯಿಂದ ಸಾಮಾನಿಗೂ ಹಾನಿಯಿದೆ: ಲೆನ್ಸ್‌ನ ಫೋಕಸ್ ತಿರುಗಿಸುವ ಎಳೆಗಳಲ್ಲಿರುವ ಹಳೆಯ ಗ್ರೀಸ್ ಬಿಸಿಗೆ ಒಡೆದು, ಅದರ ಎಣ್ಣೆ ಹರಿದು, ಬೆಳಕಿನ ಪ್ರಮಾಣವನ್ನು ಹೊಂದಿಸುವ ತೆಳುವಾದ ಎಲೆಗಳ ಮೇಲೆ ಕೂರುತ್ತದೆ. ಆ ಎಲೆಗಳು ಅಂಟಿಕೊಂಡರೆ ಲೆನ್ಸನ್ನು ಮತ್ತೆ ಪೂರ್ತಿ ಬಿಚ್ಚಬೇಕು. ಆದ್ದರಿಂದ ಕೋಣೆಯನ್ನು ತಂಪಾಗಿಡಬೇಕೆಂಬ ನನ್ನ ಉದ್ದೇಶದಲ್ಲಿ ತಪ್ಪಿರಲಿಲ್ಲ, ಅದಕ್ಕೆ ಹಿಡಿದ ದಾರಿಯಲ್ಲಿ ತಪ್ಪಿತ್ತು.

ಮಾರುವವರು "ಇಷ್ಟು ಚಿಕ್ಕ ಕೋಣೆಗೆ ಇದು ಧಾರಾಳವಾಯಿತು, ಬಾಗಿಲು ಹಾಕಿಕೊಂಡರೆ ಬೇಗ ತಂಪಾಗುತ್ತದೆ" ಎಂದು ಹೇಳಿ ಕೂಲರ್ ಕೊಟ್ಟರು. ಎ.ಸಿ. ಇರುವ ಕೋಣೆಯ ಬಾಗಿಲನ್ನು ಮುಚ್ಚುವುದನ್ನು ಜೀವನವಿಡೀ ನೋಡಿಕೊಂಡು ಬಂದಿದ್ದ ನನಗೆ ಆ ಮಾತಿನಲ್ಲಿ ಅನುಮಾನಪಡುವಂಥದ್ದೇನೂ ಕಾಣಲಿಲ್ಲ. ಮೊದಲ ಅರ್ಧ ಗಂಟೆ ನಿಜಕ್ಕೂ ಹಾಯೆನಿಸುತ್ತಿತ್ತು. ಆಮೇಲೆ ಗಾಳಿ ಭಾರವಾದಂತಾಗಿ, ತಂಪಿದ್ದರೂ ಮೈ ಅಂಟಂಟಾಗುತ್ತಿತ್ತು. ಫ್ಯಾನಿನ ವೇಗ ಹೆಚ್ಚಿಸಿ, ತೊಟ್ಟಿಗೆ ಇನ್ನಷ್ಟು ನೀರು ಸುರಿದು ಕೆಲಸ ಮುಂದುವರಿಸುತ್ತಿದ್ದೆ. ಹೀಗೆ ಸುಮಾರು ಎರಡು ತಿಂಗಳು ಕಳೆಯಿತು.

ಈಗ ಹಿಂದಿರುಗಿ ನೋಡಿದರೆ, ಕೋಣೆ ಪ್ರತಿದಿನವೂ ನನಗೆ ಸುಳಿವು ಕೊಡುತ್ತಲೇ ಇತ್ತು. ಮೇಜಿನ ಮೇಲಿನ ಟಿಪ್ಪಣಿ ಪುಸ್ತಕದ ಹಾಳೆಗಳು ಮೆತ್ತಗಾಗಿ ಪೆನ್ನಿನ ಶಾಯಿ ಹರಡುತ್ತಿತ್ತು. ಮರದ ಕಪಾಟಿನ ಬಾಗಿಲು ಉಬ್ಬಿ, ಎಳೆದರೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ಸ್ಕ್ರೂಡ್ರೈವರಿನ ತುದಿಯಲ್ಲಿ ಕಂದು ಚುಕ್ಕೆ ಕಂಡಾಗ ಎಣ್ಣೆ ಬಟ್ಟೆಯಿಂದ ಒರೆಸಿ ಸುಮ್ಮನಾದೆ. ಬೆಳಿಗ್ಗೆ ಕೋಣೆ ತೆರೆದ ಕೂಡಲೇ ಮೂಗಿಗೆ ಬಡಿಯುತ್ತಿದ್ದ ಮುಗ್ಗಲು ವಾಸನೆಯನ್ನು ಕೂಲರಿನ ಹುಲ್ಲಿನ ಪ್ಯಾಡಿನದೆಂದುಕೊಂಡು ಪ್ಯಾಡನ್ನು ತೊಳೆದೆ. ಈ ನಾಲ್ಕರಲ್ಲಿ ಒಂದೇ ಒಂದು ನಿಮ್ಮ ಕೋಣೆಯಲ್ಲಿ ಕಂಡರೂ ಕೂಲರನ್ನು ಅಂದೇ ನಿಲ್ಲಿಸಿ.

ನಿಜಾಂಶ ತಿಳಿದದ್ದು ಗೆಳೆಯರ ಲೆನ್ಸನ್ನು ಹಿಂದಿರುಗಿಸುವ ಹಿಂದಿನ ರಾತ್ರಿ. ಎರಡೂ ತುದಿಗಳ ಮುಚ್ಚಳ ತೆಗೆದು, ಎಲೆಗಳನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬೆಳಕು ಬಿಟ್ಟು ಓರೆಯಾಗಿ ನೋಡಿದೆ. ಮುಂದಿನ ಗಾಜಿನ ಒಳಮೈಯಲ್ಲಿ, ಅಂಚಿನಿಂದ ನಡುವಿನ ಕಡೆಗೆ, ಜೇಡನ ನೂಲಿಗಿಂತ ತೆಳುವಾದ ಬಿಳಿ ಎಳೆಗಳು ಕವಲೊಡೆಯುತ್ತಾ ಹೋಗಿದ್ದವು. ಒಂದೆರಡು ಕಡೆ ಎಳೆಗಳು ಸೇರಿ ಹತ್ತಿಯ ಚೂರಿನಷ್ಟು ದಪ್ಪನಾದ ಚುಕ್ಕೆಯಾಗಿತ್ತು. ಬೆರಳಿಗೆ ಸಿಗದ ಜಾಗವದು, ಊದಿದರೆ ಹೋಗುವ ಧೂಳಲ್ಲ. ಆ ರಾತ್ರಿಯೇ ಕಪಾಟಿನಲ್ಲಿದ್ದ ಒಂದೊಂದನ್ನೂ ತೆಗೆದು ನೋಡಿದೆ. ಚರ್ಮದ ಚೀಲದೊಳಗೆ ಜೋಪಾನವಾಗಿ ಇಟ್ಟಿದ್ದವುಗಳಿಗೇ ಹೆಚ್ಚು ಹಿಡಿದಿತ್ತು, ಏಕೆಂದರೆ ಚರ್ಮ ತೇವವನ್ನು ಹೀರಿಟ್ಟುಕೊಳ್ಳುತ್ತದೆ, ಚೀಲದೊಳಗೆ ಬೆಳಕೂ ಇಲ್ಲ, ಗಾಳಿಯಾಟವೂ ಇಲ್ಲ. ಮೇಜಿನ ಮೇಲೆ ತೆರೆದಿಟ್ಟಿದ್ದ ನಾಲ್ಕು ಉಳಿದುಕೊಂಡಿದ್ದವು.

ಮರುದಿನ ತೇವಾಂಶ ಅಳೆಯುವ ಸಣ್ಣ ಮಾಪಕವೊಂದನ್ನು ತಂದು, ಎಂದಿನಂತೆ ಬಾಗಿಲು ಹಾಕಿ ಕೂಲರ್ ನಡೆಸಿದೆ. ಅದು ಶೇ. 84 ತೋರಿಸಿತು. ಲೆನ್ಸ್‌ಗಳಿರುವ ಜಾಗದಲ್ಲಿ ತೇವಾಂಶ ಶೇ. 60ನ್ನು ದಾಟಿ ಹಾಗೆಯೇ ನಿಂತರೆ ಬೂಷ್ಟಿನ ಭಯ ಶುರುವಾಗುತ್ತದೆ. ಅದರ ಬೀಜಾಣುಗಳು ಎಲ್ಲ ಧೂಳಿನಲ್ಲೂ ಇರುತ್ತವೆ. ಮೊಳೆಯಲು ಅವುಗಳಿಗೆ ಕೊರತೆಯಾಗಿರುವುದು ತೇವವೊಂದೇ, ಅದನ್ನು ನಾನು ಬಿಂದಿಗೆಗಟ್ಟಲೆ ತಂದು ಸುರಿದಿದ್ದೆ.

ಇದು ಹೀಗೇಕಾಯಿತೆಂಬುದನ್ನು ಸ್ವಲ್ಪ ಲೆಕ್ಕ ಹಾಕಿಯೇ ಹೇಳಬೇಕು. ಕೂಲರ್ ಕೋಣೆಯ ಶಾಖವನ್ನು ಹೊರಗೆ ಸಾಗಿಸುವುದಿಲ್ಲ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ, ಒಂದು ಲೀಟರ್ ನೀರಿಗೆ ಸುಮಾರು 2,400 ಕಿಲೋಜೂಲ್‌ಗಳಷ್ಟು. ಗಾಳಿ ತಂಪಾಗುವುದು ನಿಜ, ಆದರೆ ಆ ಶಾಖವೆಲ್ಲ ಆವಿಯ ರೂಪದಲ್ಲಿ ಅದೇ ಕೋಣೆಯಲ್ಲಿ ಉಳಿಯುತ್ತದೆ. ನನ್ನ ಕೋಣೆಯಲ್ಲಿರುವುದು ಸುಮಾರು 20 ಘನ ಮೀಟರ್ ಗಾಳಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು, ಅಂದರೆ ಇಡೀ ಕೋಣೆ ಸುಮಾರು 600 ಗ್ರಾಂ. ಶೇ. 40ರಷ್ಟು ತೇವಾಂಶವಿರುವ ಆ ಗಾಳಿಯನ್ನು ಶೇ. 80ಕ್ಕೆ ಏರಿಸಲು ಬೇಕಾದದ್ದು ಕಾಲು ಲೀಟರ್ ನೀರು ಮಾತ್ರ. ಗೋಡೆ, ಕಾಗದ, ಮರ, ಬಟ್ಟೆಗಳು ಒಂದಿಷ್ಟನ್ನು ಹೀರಿಕೊಳ್ಳುತ್ತವೆ, ಸಂದುಗಳಿಂದ ಒಂದಿಷ್ಟು ಹೊರಹೋಗುತ್ತದೆ ಎಂದಿಟ್ಟುಕೊಂಡರೂ, ದಿನಕ್ಕೆ ಹಲವು ಲೀಟರ್ ಆವಿಯಾಗಿಸುವ ಯಂತ್ರದ ಮುಂದೆ ಅಷ್ಟು ಸಣ್ಣ ಕೋಣೆ ಎಷ್ಟು ಹೊತ್ತು ತಡೆದೀತು?

ತೇವ ಏರಿದಷ್ಟೂ ಕೂಲರಿನ ತಂಪೂ ಕುಗ್ಗುತ್ತದೆ. 38 ಡಿಗ್ರಿಯ ಒಣಗಾಳಿಯಲ್ಲಿ ತೇವಾಂಶ ಶೇ. 20 ಇದ್ದರೆ, ನೀರಿನ ಆವಿಯಿಂದ ಆ ಗಾಳಿಯನ್ನು ತಾತ್ವಿಕವಾಗಿ ಸುಮಾರು 21 ಡಿಗ್ರಿಯವರೆಗೂ ಇಳಿಸಬಹುದು. ಅದೇ 38 ಡಿಗ್ರಿಯಲ್ಲಿ ತೇವಾಂಶ ಶೇ. 60 ಇದ್ದರೆ 31ಕ್ಕಿಂತ ಕೆಳಗೆ ಇಳಿಸಲು ಸಾಧ್ಯವೇ ಇಲ್ಲ. ಮೊದಲ ಅರ್ಧ ಗಂಟೆಯ ಹಾಯಿ ಆಮೇಲೆ ಮಾಯವಾಗುತ್ತಿದ್ದದ್ದು ಇದರಿಂದಲೇ. ಮೈಯ ಬೆವರೂ ಆರದಷ್ಟು ತೇವ ಗಾಳಿಯಲ್ಲಿ ತುಂಬಿಕೊಂಡಿತ್ತು.

ನಾನು ಮಾಡಿದ ಎರಡನೆಯ ತಪ್ಪು ಇದಕ್ಕಿಂತ ದೊಡ್ಡದೆಂದು ಈಗ ಅನಿಸುತ್ತದೆ. ಕೆಲಸ ಮುಗಿದ ಮೇಲೆ ಕೂಲರ್ ಆರಿಸಿ, ತೊಟ್ಟಿಯಲ್ಲಿ ನೀರನ್ನು ಹಾಗೆಯೇ ಬಿಟ್ಟು, ಬಾಗಿಲಿಗೆ ಬೀಗ ಹಾಕಿ ಇಳಿದು ಬರುತ್ತಿದ್ದೆ. ಒಳಗಿನ ಗಾಳಿಗೆ ಹೋಗಲು ದಾರಿಯಿರಲಿಲ್ಲ. 30 ಡಿಗ್ರಿಯಲ್ಲಿ ಶೇ. 75ರಷ್ಟು ತೇವಾಂಶವಿದ್ದ ಗಾಳಿ ಬೆಳಗಿನ ಜಾವಕ್ಕೆ 26 ಡಿಗ್ರಿಗೆ ಇಳಿದರೆ, ಒಂದು ಹನಿ ನೀರನ್ನೂ ಸೇರಿಸದೆ ಅದರ ತೇವಾಂಶ ಶೇ. 90ನ್ನು ದಾಟುತ್ತದೆ, ಏಕೆಂದರೆ ತಂಪಾದ ಗಾಳಿಗೆ ಆವಿಯನ್ನು ಹಿಡಿದಿಡುವ ಶಕ್ತಿ ಕಡಿಮೆ. ನಾನು ನಿದ್ರಿಸುತ್ತಿದ್ದ ಹೊತ್ತಿನಲ್ಲಿ ಬೂಷ್ಟಿಗೆ ಪ್ರತಿರಾತ್ರಿಯೂ ಹಬ್ಬವಾಗಿತ್ತು.

ಏಳರಲ್ಲಿ ನಾಲ್ಕನ್ನು ಬಿಚ್ಚಿ ಶುಚಿಗೊಳಿಸಲು ಸಾಧ್ಯವಾಯಿತು. ಎರಡರಲ್ಲಿ ಬೂಷ್ಟು ಅಂಟಿಸಿದ ಗಾಜುಗಳ ನಡುವೆ ಸೇರಿಕೊಂಡಿತ್ತು, ಅವುಗಳನ್ನು ಬೇರ್ಪಡಿಸುವ ಕೌಶಲ ನನಗಿಲ್ಲ. ಗೆಳೆಯರ ಲೆನ್ಸಿನಲ್ಲಿ ಎಳೆಗಳು ಒರೆಸಿದಾಗ ಹೋದವು, ಆದರೆ ಅವುಗಳಿದ್ದ ಕಡೆ ಗಾಜಿನ ಲೇಪನದ ಮೇಲೆ ಅವೇ ಕವಲುಗಳ ಗುರುತು ಕೊರೆದಂತೆ ಉಳಿಯಿತು. ಬೂಷ್ಟು ಬೆಳೆಯುವಾಗ ಒಸರುವ ಆಮ್ಲ ಲೇಪನವನ್ನು ತಿನ್ನುತ್ತದೆ, ಬಹಳ ದಿನ ಬಿಟ್ಟರೆ ಗಾಜನ್ನೂ ತಿನ್ನುತ್ತದೆ. ಆ ಗುರುತನ್ನು ಟಾರ್ಚ್ ಹಿಡಿದು ಅವರಿಗೇ ತೋರಿಸಿ, ನಡೆದದ್ದನ್ನೆಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು "ಇದು ನಮ್ಮ ತಂದೆಯವರದು" ಎಂದಷ್ಟೇ ಹೇಳಿದರು. ನನ್ನಂತೆ ಬೇರೆಯವರ ವಸ್ತುಗಳನ್ನು ಇಟ್ಟುಕೊಳ್ಳುವವರು, ಅದು ತಂತಿವಾದ್ಯವಿರಲಿ, ಅಂಚೆಚೀಟಿಯ ಸಂಗ್ರಹವಿರಲಿ, ಹಳೆಯ ಪುಸ್ತಕವಿರಲಿ, ಈ ಸಂಗತಿಯನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಅಂಚೆಚೀಟಿಯ ಹಿಂದಿನ ಅಂಟು, ವಾದ್ಯದ ಮರ, ಪುಸ್ತಕದ ರಟ್ಟು, ಇವು ಯಾವುವೂ ತೇವವನ್ನು ತಾಳುವುದಿಲ್ಲ.

ಇನ್ನೊಂದು ಅಪಾಯ ನನಗೆ ತಟ್ಟದೆ ಹೋದದ್ದು ಅದೃಷ್ಟ. ಲೆನ್ಸಿನ ಎಲೆಗಳ ಎಣ್ಣೆ ತೆಗೆಯಲು ಲೈಟರ್ ದ್ರವವನ್ನೂ, ಗಾಜು ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲನ್ನೂ ಬಳಸುತ್ತೇನೆ. ಎರಡೂ ಕೋಣೆಯ ಸಾಮಾನ್ಯ ಉಷ್ಣತೆಯಲ್ಲೇ ಕಿಡಿ ತಗಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತವೆ, ಆ ಆವಿ ಗಾಳಿಗಿಂತ ಭಾರವಾಗಿದ್ದು ಕೆಳಗೆ ಸೇರುತ್ತದೆ. ತಂಪು ಹೋಗಬಾರದೆಂದು ಕಿಟಕಿ ಮುಚ್ಚಿದ ಕೋಣೆಯಲ್ಲಿ, ಅದೇ ಮೇಜಿನ ಮೇಲೆ ಬೆಸುಗೆ ಕಡ್ಡಿಯನ್ನು ಕಾಯಿಸುತ್ತಿದ್ದೆ. ಬಣ್ಣ, ತಿನ್ನರ್, ಅಂಟು ಬಳಸುವ ಹವ್ಯಾಸದವರು ಸೆಕೆ ಎಷ್ಟೇ ಇರಲಿ, ಆ ಕೆಲಸದ ಹೊತ್ತಿನಲ್ಲಿ ಗಾಳಿಯ ದಾರಿಯನ್ನು ಮುಚ್ಚಲೇಬಾರದು.

ಹಾಗಾದರೆ ಕೋಣೆಯನ್ನು ತಂಪಾಗಿಡುವುದು ಹೇಗೆ? ಮುಂದಿನ ಬೇಸಿಗೆಗೆ ನಾನು ಮೊದಲು ಗಮನ ಕೊಟ್ಟದ್ದು ಬಿಸಿಲು ಒಳಗೆ ಬರುವ ದಾರಿಗಳಿಗೆ. ನೇರ ಬಿಸಿಲು ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1,000 ವಾಟ್‌ವರೆಗೂ ಶಾಖ ತರುತ್ತದೆ, ಪಶ್ಚಿಮದ ಕಿಟಕಿಯೊಂದು ಸಂಜೆಯವರೆಗೂ ಸಣ್ಣ ಹೀಟರಿನಂತೆ ಕೆಲಸ ಮಾಡುತ್ತದೆ. ಒಳಗೆ ನಾನು ಕಟ್ಟಿದ್ದ ದಪ್ಪ ಪರದೆಯಿಂದ ಹೆಚ್ಚು ಉಪಯೋಗವಾಗಿರಲಿಲ್ಲ, ಏಕೆಂದರೆ ಬಿಸಿಲು ಗಾಜನ್ನು ದಾಟಿ ಪರದೆಗೆ ತಾಗಿದ ಮೇಲೆ ಅದರ ಶಾಖ ಕೋಣೆಯದೇ ಆಗುತ್ತದೆ. ಕಿಟಕಿಯ ಹೊರಗೆ, ಗಾಜಿನಿಂದ ಒಂದು ಗೇಣು ದೂರದಲ್ಲಿ, ಬಿದಿರಿನ ತಟ್ಟಿಯೊಂದನ್ನು ಇಳಿಬಿಟ್ಟ ದಿನವೇ ಮಧ್ಯಾಹ್ನದ ವ್ಯತ್ಯಾಸ ತಿಳಿಯಿತು. ಗಾಜಿನ ಮೇಲೆ ಅಂಗೈ ಇಟ್ಟರೆ ಮೊದಲಿನಂತೆ ಚುರುಕೆನ್ನುತ್ತಿರಲಿಲ್ಲ.

ತಾರಸಿಯ ಕಥೆ ಬೇರೆ. ಕಾಂಕ್ರೀಟ್ ಹಗಲಿಡೀ ಶಾಖವನ್ನು ಕುಡಿದು, ಹಲವು ಗಂಟೆ ತಡವಾಗಿ ಕೆಳಗೆ ಬಿಡುತ್ತದೆ, ಆದ್ದರಿಂದಲೇ ರಾತ್ರಿ ಎಂಟು ಗಂಟೆಗೂ ಛಾವಣಿಯಿಂದ ನೆತ್ತಿಗೆ ಝಳ ಇಳಿಯುತ್ತಿತ್ತು. ಮೇಲೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ ಬಳಿಸಿದೆ. ಸಂಜೆ ಹೊರಗಿನ ಗಾಳಿ ಒಳಗಿಗಿಂತ ತಣ್ಣಗಾದ ಮೇಲೆ ಕಿಟಕಿ ತೆರೆದು, ಬಾಗಿಲ ಮೇಲಿನ ಕಂಡಿಯಲ್ಲಿ ಕೂರಿಸಿದ ಎಕ್ಸ್‌ಹಾಸ್ಟ್ ಫ್ಯಾನನ್ನು ಬೆಳಗಿನವರೆಗೂ ನಡೆಸುತ್ತೇನೆ. ಬಿಸಿಲೇರುವ ಮೊದಲು ಎಲ್ಲವನ್ನೂ ಮುಚ್ಚುತ್ತೇನೆ. ಕೆಲಸದ ಸಮಯವನ್ನೂ ಬೆಳಗಿನ ಜಾವಕ್ಕೆ ಬದಲಿಸಿಕೊಂಡೆ, ಇದೊಂದರಿಂದಲೇ ಅರ್ಧ ಕಷ್ಟ ಕಳೆಯಿತು. ಕೂತ ಮನುಷ್ಯನೊಬ್ಬನ ಮೈಯೇ ಸುಮಾರು 100 ವಾಟ್ ಶಾಖ ಬಿಡುತ್ತದೆ, ಅದರ ಮೇಲೆ ಹಳೆಯ ಬಲ್ಬ್, ಕಂಪ್ಯೂಟರ್ ಎಲ್ಲ ಸೇರಿದರೆ ಸಣ್ಣ ಕೋಣೆ ತಾನಾಗಿಯೇ ಕಾಯುತ್ತದೆ. ಮೇಜಿನ ದೀಪವನ್ನು ಎಲ್‌ಇಡಿಗೆ ಬದಲಿಸಿದ್ದೇನೆ.

ಇಷ್ಟಾದ ಮೇಲೂ ಸಾಲದೆ ಯಂತ್ರ ಬೇಕೇ ಬೇಕೆಂದರೆ, ಶಾಖವನ್ನು ಹೊರಗೆ ಹಾಕುವ ಎ.ಸಿ.ಯನ್ನೇ ಆರಿಸಿಕೊಳ್ಳಿ, ಅದು ತೇವವನ್ನೂ ಇಳಿಸುತ್ತದೆ. ಚಕ್ರದ ಮೇಲೆ ಉರುಳಿಸುವ, ಒಂದೇ ಕೊಳವೆಯ ಎ.ಸಿ.ಯನ್ನು ಎರವಲು ತಂದು ನೋಡಿದ್ದೇನೆ. ಅದು ಕೋಣೆಯ ಗಾಳಿಯನ್ನೇ ಹೊರಗೆ ತಳ್ಳುವುದರಿಂದ, ಆ ಖಾಲಿಯನ್ನು ತುಂಬಲು ಬಾಗಿಲ ಸಂದಿನಿಂದ ಬಿಸಿಗಾಳಿ ನುಗ್ಗುತ್ತಲೇ ಇರುತ್ತದೆ. ಕೂಲರನ್ನು ಕೈಬಿಡಲಾಗದವರು ಅದನ್ನು ತೆರೆದ ಕಿಟಕಿಯ ಬಳಿ, ಹೊರಗಿನ ಗಾಳಿಯನ್ನು ಎಳೆಯುವಂತೆ ಇಟ್ಟು, ಎದುರಿನ ಬಾಗಿಲನ್ನು ತೆರೆದಿರಬೇಕು. ಒಣ ಹವೆಯಲ್ಲಿ ಮನುಷ್ಯರಿಗೆ ಅದು ನಿಜವಾಗಿಯೂ ಹಿತ, ಆದರೆ ಲೆನ್ಸ್, ಕಾಗದ, ಚರ್ಮಗಳಿರುವ ಕೋಣೆಗೆ ನಾನು ಅದನ್ನು ಹೀಗೂ ಒಪ್ಪುವುದಿಲ್ಲ.

ಉಳಿದ ಲೆನ್ಸ್‌ಗಳು ಈಗ ರಬ್ಬರ್ ಅಂಚಿನ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆಗಿವೆ, ಚರ್ಮದ ಚೀಲಗಳು ಬೇರೆ ಕಡೆ ಇವೆ. ಡಬ್ಬಿಯೊಳಗಿನ ಮಾಪಕ ಶೇ. 40 ಮತ್ತು 50ರ ನಡುವೆ ನಿಲ್ಲುವಂತೆ ನೋಡಿಕೊಳ್ಳುತ್ತೇನೆ. ಜೆಲ್‌ನ ಬಣ್ಣ ಬದಲಾದ ಕೂಡಲೇ ಕಾಯಿಸಿ ಒಣಗಿಸುತ್ತೇನೆ.

ಈಗಾಗಲೇ ಮುಚ್ಚಿದ ಕೋಣೆಯಲ್ಲಿ ಕೂಲರ್ ನಡೆಸಿರುವವರು ಇವತ್ತೇ ದೀಪ ಆರಿಸಿ, ಲೆನ್ಸಿನ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಬಿಟ್ಟು, ಲೆನ್ಸನ್ನು ನಿಧಾನವಾಗಿ ತಿರುಗಿಸುತ್ತಾ ಅಂಚುಗಳನ್ನು ನೋಡಿ. ನೇರ ಬೆಳಕಿನಲ್ಲಿ ಕಾಣದ ಎಳೆ ಓರೆ ಬೆಳಕಿನಲ್ಲಿ ಕಾಣುತ್ತದೆ. ಕಂಡರೆ ಆ ಲೆನ್ಸನ್ನು ಬೇರೆಯಾಗಿಟ್ಟು, ತಡಮಾಡದೆ ಬಿಚ್ಚಬಲ್ಲವರ ಕೈಗೆ ಕೊಡಿ. ಎಳೆಗಳು ಹೊಸದಾಗಿರುವಾಗ ಲೇಪನಕ್ಕೆ ಗುರುತು ಬೀಳದೆ ಹೋಗುವ ಸಾಧ್ಯತೆ ಇನ್ನೂ ಇರುತ್ತದೆ.