ಅಡಿಕೆ ಮಷಿನ್ ಜಾಹೀರಾತಿಗೆ ಯಾವ ಕೀವರ್ಡ್? ಬ್ರಾಡ್, ಫ್ರೇಸ್, ಎಕ್ಸಾಕ್ಟ್ ಮೂರನ್ನೂ ಹಾಕಿ ನೋಡಿದೆ

ಗೂಗಲ್‌ನಲ್ಲಿ ಜನ ಏನು ಹುಡುಕಿದಾಗ ನಮ್ಮ ಜಾಹೀರಾತು ಬರಬೇಕು ಅಂತ ನಾವು ಕೊಡುವ ಪದವೇ ಕೀವರ್ಡ್. ಆ ಪದಕ್ಕೂ ಹುಡುಕಾಟಕ್ಕೂ ಎಷ್ಟು ಹತ್ತಿರದ ಹೊಂದಿಕೆ ಬೇಕು ಅನ್ನುವುದಕ್ಕೆ ಬ್ರಾಡ್, ಫ್ರೇಸ್, ಎಕ್ಸಾಕ್ಟ್ ಅಂತ ಮೂರು ಬಗೆ. ನನ್ನ ಆಯ್ಕೆ ಫ್ರೇಸ್ ಮ್ಯಾಚ್. ಮೊದಲೇ ಹೇಳಿಬಿಡುತ್ತೇನೆ. ಒಂದು ಕೊಯ್ಲಿನ ಹಂಗಾಮು ಪೂರ್ತಿ ಸ್ವಂತ ದುಡ್ಡು ಹಾಕಿ ಮೂರನ್ನೂ ನೋಡಿದ ಮೇಲೆ ಬಂದ ತೀರ್ಮಾನ ಇದು.

ದಾವಣಗೆರೆಯಲ್ಲಿ ನಮ್ಮದು ಅಡಿಕೆ ಸುಲಿಯುವ ಮಷಿನ್ ಮಾರುವ, ರಿಪೇರಿ ಮಾಡುವ ಅಂಗಡಿ. ಗಿರಾಕಿಗಳೆಲ್ಲ ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ, ಭೀಮಸಮುದ್ರದ ಕಡೆಯವರು. ಮೊದಲೆಲ್ಲ ಒಬ್ಬರ ತೋಟದಲ್ಲಿ ಮಷಿನ್ ಓಡುವುದನ್ನು ನೋಡಿ ಪಕ್ಕದ ತೋಟದವರು ಬರುತ್ತಿದ್ದರು. ಈಗ ಮನೆಯ ಹುಡುಗರು ಮೊದಲು ಫೋನಿನಲ್ಲಿ ಹುಡುಕುತ್ತಾರೆ. ಹಾಗಾಗಿ ದಿನಕ್ಕೆ 300 ರೂಪಾಯಿ ಇಟ್ಟು ಗೂಗಲ್ ಆ್ಯಡ್ಸ್ ಶುರು ಮಾಡಿದೆ.

ಕೀವರ್ಡ್ ಬರೆದು ಯಾವ ಗುರುತೂ ಹಾಕದಿದ್ದರೆ ಅದು ಬ್ರಾಡ್ ಮ್ಯಾಚ್. ನಾನು ‘ಅಡಿಕೆ ಮಷಿನ್’ ಅಂತ ಬರೆದು ಸುಮ್ನೆ ಬಿಟ್ಟೆ. ಮಧ್ಯಾಹ್ನ ಊಟದ ಹೊತ್ತಿಗೆ ದಿನದ ದುಡ್ಡು ಖಾಲಿ ಆಗುತ್ತಿತ್ತು. ಕ್ಲಿಕ್ ಇದೆ, ಫೋನ್ ಇಲ್ಲ. ಬಂದ ಒಂದೆರಡು ಫೋನಿನಲ್ಲೂ ಕೇಳಿದ್ದು ಒಂದೇ: ‘ಅಣ್ಣಾ, ಇವತ್ತು ರಾಶಿ ಅಡಿಕೆ ಎಷ್ಟಕ್ಕೆ ಹೋಯ್ತು?’

ಸರ್ಚ್ ಟರ್ಮ್ಸ್ ವರದಿ ತೆಗೆದು ನೋಡಿದೆ. ಜನ ನಿಜವಾಗಿ ಏನು ಟೈಪ್ ಮಾಡಿದಾಗ ನಮ್ಮ ಜಾಹೀರಾತು ಕಂಡಿತು ಅನ್ನುವುದು ಅದರಲ್ಲಿ ಸಿಗುತ್ತದೆ. ‘ಇವತ್ತಿನ ಅಡಿಕೆ ರೇಟ್’, ‘ಚನ್ನಗಿರಿ ಅಡಿಕೆ ಧಾರಣೆ’, ‘ಭೀಮಸಮುದ್ರ ಮಾರ್ಕೆಟ್’. ನಮ್ಮ ಕಡೆ ಅಡಿಕೆ ಬೆಳೆಗಾರರು ಬೆಳಗ್ಗೆ ಎದ್ದರೆ ನೋಡುವುದೇ ಧಾರಣೆಯನ್ನ, ಅಲ್ವಾ? ಮಷಿನ್ ತೆಗೆದುಕೊಳ್ಳುವುದು ಎಷ್ಟೋ ವರ್ಷಕ್ಕೊಮ್ಮೆ. ಬ್ರಾಡ್ ಮ್ಯಾಚ್ ನಮ್ಮ ಪದಕ್ಕೆ ಸಂಬಂಧ ಇರುವ ಹುಡುಕಾಟಕ್ಕೆಲ್ಲ ಜಾಹೀರಾತು ತೋರಿಸುತ್ತದೆ. ಅದರ ಕೆಲಸವೇ ಅದು. ಅಷ್ಟು ಅಗಲದ ಪದ ಕೊಟ್ಟಿದ್ದು ನಾನು.

ಸರಿ, ‘ರೇಟ್’ ಅನ್ನುವ ಪದವನ್ನೇ ನೆಗೆಟಿವ್ ಕೀವರ್ಡ್ ಮಾಡಿದೆ. ಅಂದರೆ ಆ ಪದ ಇರುವ ಹುಡುಕಾಟಕ್ಕೆ ನಮ್ಮ ಜಾಹೀರಾತು ಬೇಡ ಅಂತ. ವಾರಪೂರ್ತಿ ಫೋನ್ ಸದ್ದೇ ಇಲ್ಲ. ಆಮೇಲೆ ಅಂಗಡಿಗೆ ಬಂದ ಒಬ್ಬರು ಚನ್ನಗಿರಿ ಕಡೆಯ ರೈತರು, ‘ಅಡಿಕೆ ಸುಲಿಯೋ ಮಷಿನ್ ರೇಟ್ ಅಂತ ಹುಡುಕಿದೆ, ನಿಮ್ಮ ಅಂಗಡಿ ಬರಲೇ ಇಲ್ವಲ್ಲ’ ಅಂದರು. ಆಗ ಹೊಳೆಯಿತು. ಕೊಳ್ಳುವ ಮನಸ್ಸಿರುವವರು ಕೇಳುವುದೂ ರೇಟನ್ನೇ. ಆ ಪದವನ್ನು ಮುಚ್ಚಿ ನಾನು ಅವರಿಗೇ ಬಾಗಿಲು ಹಾಕಿದ್ದೆ.

ಇದನ್ನು ಬಿಡಿಸಿಕೊಳ್ಳಲು ಒಂದು ತಿಂಗಳೇ ಬೇಕಾಯಿತು. ಫ್ರೇಸ್ ಮ್ಯಾಚ್ ಅಂದರೆ ಪದಗಳನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ("") ಹಾಕುವುದು. ನೆಗೆಟಿವ್ ಕೀವರ್ಡನ್ನೂ ಹಾಗೇ ಫ್ರೇಸ್ ಆಗಿ ಹಾಕಬಹುದು. ‘ಅಡಿಕೆ ರೇಟ್’ ಅಂತ ಹಾಕಿದರೆ ಆ ಎರಡು ಪದ ಅದೇ ಕ್ರಮದಲ್ಲಿ, ಒಂದರ ಪಕ್ಕ ಒಂದು ಬಂದಾಗ ಮಾತ್ರ ತಡೆಯುತ್ತದೆ. ‘ಅಡಿಕೆ ಸುಲಿಯೋ ಮಷಿನ್ ರೇಟ್’ ದಾಟಿ ಹೋಗುತ್ತದೆ. ಆದರೆ ‘ಅಡಿಕೆ ಇವತ್ತಿನ ರೇಟ್’ ಕೂಡ ದಾಟಿ ಹೋಗುತ್ತದೆ! ಹಾಗಾಗಿ ‘ಇವತ್ತಿನ’ ಅನ್ನುವುದನ್ನು ಬೇರೆಯಾಗಿ ಹಾಕಬೇಕು. ನೆಗೆಟಿವ್ ಪದಕ್ಕೆ ಸಮಾನ ಅರ್ಥ ಗೊತ್ತಾಗುವುದಿಲ್ಲ. ರೇಟ್ ಬೇರೆ, ಧಾರಣೆ ಬೇರೆ, ಬೆಲೆ ಬೇರೆ. ಕನ್ನಡಕ್ಕೆ ವಿಭಕ್ತಿ ಬೇರೆ ಇದೆ. ‘ಅಡಿಕೆ ಬೆಲೆ’ ತಡೆದರೆ ‘ಅಡಿಕೆಯ ಬೆಲೆ’ ಒಳಗೆ ಬರುತ್ತದೆ. ಇವತ್ತು, ಇವತ್ತಿನ, ಇಂದಿನ, ಈ ದಿನದ ಎಲ್ಲವೂ ಒಂದೊಂದೇ. ಇವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ಇನ್ನೂ ಜಾಸ್ತಿ. ಅಡಿಕೆಗೆ ಒಬ್ಬರು ‘adike’ ಅಂತ ‘ಐ’ ಹಾಕುತ್ತಾರೆ, ಇನ್ನೊಬ್ಬರು ‘adake’ ಅಂತ ‘ಎ’ ಹಾಕುತ್ತಾರೆ. ಒಂದು ಕೆಲಸ ಮಾತ್ರ ಸುಲಭವಾಗಿ ಆಯಿತು. ‘ರಾಶಿ ಇಡಿ’, ‘ಬೆಟ್ಟೆ’, ‘ಗೊರಬಲು’ ಅನ್ನುವ, ಮಾರ್ಕೆಟ್ಟಿನಲ್ಲಿ ಅಡಿಕೆಯ ಬಗೆಗಳಿಗಿರುವ ಹೆಸರು ಮೂರನ್ನೂ ಕಣ್ಣುಮುಚ್ಚಿ ತಡೆದೆ. ಮಷಿನ್ ಹುಡುಕುವವರು ಆ ಪದ ಹಾಕುವುದಿಲ್ಲ.

ಬ್ರಾಡ್‌ನಿಂದ ನನಗೆ ಒಂದು ದೊಡ್ಡ ಉಪಕಾರ ಆಗಿದೆ. ‘ಅಡಿಕೆ ಸುಲಿಯುವ ಯಂತ್ರ’ ಅಂತ ಹುಡುಕುವವರು ಕಡಿಮೆ, ‘ಅಡಿಕೆ ಸುಲಿಯೋ ಮಷಿನ್’ ಅನ್ನುವವರೇ ಜಾಸ್ತಿ ಅಂತ ಆ ವರದಿಯೇ ತೋರಿಸಿತು. ತುಂಬಾ ಜನ ಟೈಪ್ ಮಾಡದೆ ಫೋನಿನ ಮೈಕ್‌ಗೆ ಹೇಳುತ್ತಾರೆ. ಹೇಳಿದ್ದು ಹೇಳಿದಂತೆಯೇ ಬೀಳುತ್ತದೆ.

ಎಕ್ಸಾಕ್ಟ್ ಮ್ಯಾಚ್ ಬಗ್ಗೆ ಹೇಳುವುದು ಸ್ವಲ್ಪವೇ. ಚೌಕ ಆವರಣದೊಳಗೆ ಪದ ಹಾಕುವುದು. ದುಡ್ಡು ಪೋಲಾಗುವುದಿಲ್ಲ. ಆದರೆ ಕನ್ನಡ ಲಿಪಿಯಲ್ಲಿ ನಾನು ಹಾಕಿದ ಹೆಚ್ಚಿನ ಪದಗಳಿಗೆ ‘ಹುಡುಕಾಟ ಕಡಿಮೆ’ ಅನ್ನುವ ಗುರುತು ಬಿತ್ತು. ಅದು ಬಿದ್ದರೆ ಆ ಪದಕ್ಕೆ ಜಾಹೀರಾತು ಓಡುವುದೇ ಇಲ್ಲ. ಬೆಂಗಳೂರಿನಂಥ ಊರಿಗೆ, ದಿನವೂ ಸಾವಿರಾರು ಜನ ಹುಡುಕುವ ಸಾಮಾನಿಗೆ ಇದು ಸರಿಹೋಗಬಹುದು.

ಫ್ರೇಸ್ ಮ್ಯಾಚ್‌ನಲ್ಲಿ ‘ಅಡಿಕೆ ಸುಲಿಯೋ ಮಷಿನ್’ ಅಂತ ಹಾಕಿದೆ. ಅದರ ಹಿಂದೆ ಮುಂದೆ ಜನ ಬೇರೆ ಪದ ಸೇರಿಸಿದರೂ ನಮ್ಮ ಜಾಹೀರಾತು ಬರಬಹುದು. ಧಾರಣೆ ಕೇಳುವವರು ಹೆಚ್ಚುಕಡಿಮೆ ನಿಂತೇಹೋದರು. ‘ಬಾಡಿಗೆಗೆ’ ಅಂತ ಸೇರಿಸಿ ಹುಡುಕಿದ ಕೇಣಿದಾರರು, ಅಂದರೆ ತೋಟದ ಫಸಲನ್ನು ಗುತ್ತಿಗೆ ಹಿಡಿಯುವವರು, ಸಿಕ್ಕರು. ಅವರು ನನ್ನ ಲೆಕ್ಕದಲ್ಲೇ ಇರಲಿಲ್ಲ. ‘ಸಬ್ಸಿಡಿ’ ಅಂತ ಹುಡುಕುವವರನ್ನು ಬಿಟ್ಟುಕೊಂಡಿದ್ದೇನೆ, ಇವತ್ತಲ್ಲ ನಾಳೆ ಕೊಳ್ಳುವವರು. ‘ಸೆಕೆಂಡ್ ಹ್ಯಾಂಡ್’ ತಡೆದಿದ್ದೇನೆ. ಹಳೇ ವಿಡಿಯೊ ನೋಡಿ ಪದದ ಮೊದಲು ಪ್ಲಸ್ ಗುರುತು ಹಾಕಲು ಹೋಗಬೇಡಿ. ಆ ಬಗೆ 2021ರಲ್ಲೇ ಫ್ರೇಸ್ ಒಳಗೆ ಸೇರಿಹೋಯಿತು.

ದಿನಕ್ಕೆ 300 ಇಟ್ಟರೂ ಕೆಲವು ದಿನ 600ರ ತನಕ ಹೋಗಬಹುದು. ತಿಂಗಳ ಲೆಕ್ಕ 30.4 ದಿನದ ಮೊತ್ತ ಮೀರುವುದಿಲ್ಲ, ಗಾಬರಿ ಬೇಡ. ಜಾಗದ ಸೆಟ್ಟಿಂಗ್‌ನಲ್ಲಿ ‘ಆ ಊರಿನಲ್ಲಿ ಇರುವವರು’ ಅನ್ನುವುದನ್ನೇ ಆರಿಸಿ, ‘ಆಸಕ್ತಿ ಇರುವವರು’ ಬೇಡ.

ಆನ್‌ಲೈನಿನಲ್ಲೇ ಆರ್ಡರ್ ತೆಗೆದುಕೊಳ್ಳುವವರಿಗೆ, ಯಾವ ಕ್ಲಿಕ್ಕಿಂದ ವ್ಯಾಪಾರ ಆಯಿತು ಅನ್ನುವ ಲೆಕ್ಕ ಕೈಯಲ್ಲಿರುವವರಿಗೆ, ಆಟೊಮ್ಯಾಟಿಕ್ ಬಿಡ್ಡಿಂಗ್ (ಕ್ಲಿಕ್ಕಿಗೆ ಎಷ್ಟು ಕೊಡಬೇಕು ಅನ್ನುವುದನ್ನು ಗೂಗಲ್ಲೇ ನಿರ್ಧರಿಸುವುದು) ಜೊತೆ ಬ್ರಾಡ್ ಚೆನ್ನಾಗಿ ಕೆಲಸ ಮಾಡಬಹುದು. ನನ್ನ ವ್ಯಾಪಾರ ಫೋನಿನಲ್ಲಿ ಮಾತಾಡಿ, ಮಷಿನ್ ಓಡಿಸಿ ತೋರಿಸಿ ಆಗುವಂಥದ್ದು. ವರದಿ ನೋಡಲು ಸಿಗುವುದು ಭಾನುವಾರ ಬೆಳಗ್ಗೆ ಅರ್ಧ ಗಂಟೆ. ಫ್ರೇಸ್‌ಗೆ ಅಷ್ಟು ಸಾಕು. ಬ್ರಾಡ್‌ಗೆ ದಿನಾ ಕೂರಬೇಕು.

ಈಗ ಕೊಯ್ಲು ಮುಗಿದಿದೆ, ಜಾಹೀರಾತು ನಿಲ್ಲಿಸಿದ್ದೇನೆ. ಮುಂದಿನ ಹಂಗಾಮಿಗೆ 8 ಫ್ರೇಸ್, 2 ಎಕ್ಸಾಕ್ಟ್, 60ಕ್ಕೂ ಜಾಸ್ತಿ ನೆಗೆಟಿವ್ ಪಟ್ಟಿ ಸಿದ್ಧ ಇದೆ. ಬೆಲ್ಟ್, ಬ್ಲೇಡ್, ರಿಪೇರಿ ಅಂತ ಹುಡುಕುವವರಿಗೆ ಈ ಸಲ ಬೇರೆಯದೇ ಕ್ಯಾಂಪೇನ್ ಮಾಡಿ ದಿನಕ್ಕೆ 50 ರೂಪಾಯಿ ಇಡುತ್ತೇನೆ. ಕೊಯ್ಲಿನ ನಡುವೆ ಮಷಿನ್ ನಿಂತವರು ಮೊದಲು ಫೋನ್ ಮಾಡುವುದು ಹತ್ತಿರದ ಅಂಗಡಿಗೇ.