ಹಿರಿಯೂರಿನ ಬಿಸಿಲಿಗೆ ಯಾವ ಜೇನು ಪೆಟ್ಟಿಗೆ?

ನಮ್ಮ ದಾಳಿಂಬೆ ತೋಟಕ್ಕೆಂದು ಚಿತ್ರದುರ್ಗದ ಮಾರಾಟಗಾರರೊಬ್ಬರಿಂದ ಎರಡು ಬಗೆಯ ಜೇನು ಕುಟುಂಬಗಳನ್ನು ಪೆಟ್ಟಿಗೆ ಸಮೇತ ತರಿಸಿದೆವು. ಒಂದು ನಮ್ಮದೇ ತುಡುವೆ, ಇನ್ನೊಂದು ಯುರೋಪಿನ ಮೆಲ್ಲಿಫೆರಾ. ಬೇಸಿಗೆ ಕಳೆಯಲೆಂದು ಕಾದು ಈಗ ಬರೆಯುತ್ತಿದ್ದೇನೆ. ಹಿರಿಯೂರು ಸೀಮೆಯಲ್ಲಿ ಏಪ್ರಿಲ್ ದಾಟದ ಪೆಟ್ಟಿಗೆಯ ಬಗ್ಗೆ ಯಾರ ಹೊಗಳಿಕೆಯನ್ನೂ ನಂಬಬಾರದು.

ಸೇವೆ ಚೆನ್ನಾಗಿತ್ತು. ಕತ್ತಲಾಗಿ ಹುಳುಗಳೆಲ್ಲ ಗೂಡು ಸೇರಿದ ಮೇಲೆ ಬಾಗಿಲಿಗೆ ಜಾಲರಿ ಬಡಿದು ತಂದರು, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು ಇಟ್ಟುಕೊಟ್ಟರು. ಪೆಟ್ಟಿಗೆಯ ಮರ ಇನ್ನೂ ಬಿರಿದಿಲ್ಲ.

ಮೆಲ್ಲಿಫೆರಾ ಪೆಟ್ಟಿಗೆಯ ಮುಚ್ಚಳ ಎಬ್ಬಿಸಲು ಕಬ್ಬಿಣದ ಪಟ್ಟಿ ಬೇಕು. ಗಿಡಮರಗಳ ಅಂಟು ತಂದು ಸಂದುಗೊಂದುಗಳಿಗೆಲ್ಲ ಮೆತ್ತಿರುತ್ತದೆ. ತುಡುವೆ ಅಂಟು ತರುವುದೇ ಇಲ್ಲ, ಮುಚ್ಚಳ ಬರಿಗೈಗೆ ಬರುತ್ತದೆ. ಉರಿಬಿಸಿಲಿನಲ್ಲಿ ಬಾಗಿಲ ಬಳಿ ಕುಳಿತು ನೋಡಬೇಕು: ಮೆಲ್ಲಿಫೆರಾ ಗೂಡಿನ ಕಡೆ ತಲೆ ಮಾಡಿ ರೆಕ್ಕೆ ಬಡಿಯುತ್ತಾ ಒಳಗಿನ ಗಾಳಿಯನ್ನು ಹೊರಗೆಳೆಯುತ್ತದೆ. ತುಡುವೆ ನಿಲ್ಲುವುದು ತಲೆ ಹೊರಗೆ ಮಾಡಿ, ಹೊರಗಿನ ಗಾಳಿಯನ್ನೇ ಒಳಗೆ ದಬ್ಬುತ್ತದೆ. ಎಷ್ಟು ನೋಡಿದರೂ ನನಗೆ ಸಾಲದು.

“ಮೆಲ್ಲಿಫೆರಾ ತೆಗೆದುಕೊಳ್ಳಿ ಅಕ್ಕಾ, ತುಪ್ಪ ಸುರಿಯುತ್ತದೆ” ಎಂದಿದ್ದರು ಮಾರಾಟಗಾರರು. ತುಪ್ಪ ಹೆಚ್ಚು, ನಿಜ. ಹೂವೇ ಇಲ್ಲದ ಚಳಿಗಾಲವನ್ನು ಉಂಡೆಗಟ್ಟಿ ಕುಳಿತು, ಕೂಡಿಟ್ಟ ತುಪ್ಪ ತಿಂದು ಕಳೆಯುವ ನಾಡಿನ ಹುಳು ಅದು. ಆದರೆ ನಮ್ಮ ಕಡೆ ಹೂವು ಮುಗಿಯುವುದು ಬೇಸಿಗೆಯಲ್ಲಿ. ಆಗ ಆ ದೊಡ್ಡ ಸಂಸಾರಕ್ಕೆ ಸಕ್ಕರೆ ಪಾಕ ಇಡುತ್ತಲೇ ಇರಬೇಕು, ಇಲ್ಲವೇ ಹೂವಿರುವ ಕಡೆಗೆ ಪೆಟ್ಟಿಗೆ ಹೊತ್ತೊಯ್ಯಬೇಕು. ಜೇನುಹುಳಕ್ಕೆ ಅಂಟಿ ಕಾಡುವ ವರೋವಾ ನುಸಿಯನ್ನು ತುಡುವೆ ಮೈಯಿಂದ ಕಿತ್ತೆಸೆಯುತ್ತದೆ, ಮೆಲ್ಲಿಫೆರಾಗೆ ಆ ವಿದ್ಯೆ ಅಷ್ಟಾಗಿ ಬಾರದು. ಮಾರುವವರು ಇದನ್ನೆಲ್ಲ ಮೊದಲೇ ಹೇಳಬೇಕಿತ್ತು. ನೀರು, ಹೂವು ಎಷ್ಟಿವೆ ಎಂದು ಕೇಳದೆ ಜೀವಂತ ಕುಟುಂಬವನ್ನು ಮಾರುವುದು ಸರಿಯಲ್ಲ.

ತುಡುವೆಯೂ ಸುಲಭದ್ದಲ್ಲ. ಮೇವು ತೀರಿದರೆ ಗೂಡು ಬಿಟ್ಟು ಹಾರಿಹೋಗುತ್ತದೆ. 1991ರ ನಂತರ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದಲ್ಲಿ ಸಾಕಿದ ತುಡುವೆ ಕುಟುಂಬಗಳ ಬಹುಪಾಲು ನಾಶವಾಗಿತ್ತು. ಹಾಗಿದ್ದರೂ ಒಂದೇ ಕಡೆ ಪೆಟ್ಟಿಗೆ ಇಡುವ ನಮ್ಮಂಥ ಸಣ್ಣ ತೋಟದವರಿಗೆ ನಾನು ಹೇಳುವುದು ತುಡುವೆಯನ್ನೇ. ಕೊಳ್ಳುವ ಮುನ್ನ ಚೌಕಟ್ಟು ಎತ್ತಿಸಿ, ಎರಿಯಲ್ಲಿ ಹೊಸ ಮೊಟ್ಟೆ ಇದೆಯೇ ನೋಡಿ. ಹೂವಿನ ಕಾಲದಲ್ಲಿ ಹಗಲು ಹೊತ್ತು ಕೀಟನಾಶಕ ಹೊಡೆಯುವ ತೋಟವಾದರೆ ಎರಡನ್ನೂ ಒಯ್ಯಬೇಡಿ.