ಕೆಂಪು ಹದ್ದಿನ ಫ್ರೇಮು: ಕಸೂತಿ ಅಚ್ಚುಕಟ್ಟು, ಕಾರ್ಡಿನಲ್ಲಿ 1962 ಇಲ್ಲ

ನಮ್ಮ ದೊಡ್ಡಪ್ಪನಿಗೆ ಈ ಸಲ 75 ತುಂಬಿತು. ಶಾಲು, ವಾಚು ಎಲ್ಲ ಬೇಡ ಅಂತ ನಾನು ಹುಡುಕಿದ್ದು ಅವರ ಡಿವಿಷನ್ನಿನ, ಅಂದರೆ ಸಾವಿರಾರು ಸೈನಿಕರ ದೊಡ್ಡ ಪಡೆಯ ಗುರುತು. ಅವರು ಸೈನ್ಯದಲ್ಲಿ ಲಾರಿ ಡ್ರೈವರ್ ಆಗಿದ್ದವರು, 4ನೇ ಡಿವಿಷನ್, ಕಪ್ಪು ಬಟ್ಟೆ ಮೇಲೆ ಕೆಂಪು ಹದ್ದು. 'ರೆಡ್ ಈಗಲ್' ಅಂದರೆ ಇವತ್ತಿಗೂ ಕುರ್ಚಿಯಲ್ಲಿ ನೆಟ್ಟಗೆ ಕೂತುಕೊಳ್ಳುತ್ತಾರೆ. ಅವರ ಹತ್ತಿರ ಇದ್ದ ಹಳೇ ಬಟ್ಟೆಯ ಗುರುತು ಟ್ರಂಕಿನಲ್ಲೇ ಹುಳ ಹಿಡಿದು ಹಾಳಾಗಿತ್ತು.

ಮೊದಲು ಆರ್ಡರ್ ಮಾಡಿದ ಕಡೆಯಿಂದ ಬಿಳಿ ಬಟ್ಟೆ ಮೇಲೆ ಕಂದು ಹದ್ದು ಬಂತು. ಕೇಳಿದ್ದಕ್ಕೆ 'ಹದ್ದು ತಾನೇ ಸರ್' ಅಂದರು, ವಾಪಸ್ ತಗೊಳ್ಳಲಿಲ್ಲ. ಬಣ್ಣ ಬೇರೆಯಾದರೆ ಗುರುತೇ ಬೇರೆ ಅಲ್ವಾ? ಕಸೂತಿ ಮಾಡಿ ಫ್ರೇಮು ಹಾಕಿ ಕಳಿಸುವ ಇನ್ನೊಂದು ಸಣ್ಣ ಅಂಗಡಿ ಸಿಕ್ಕಿತು. 1,150 ರೂಪಾಯಿ, ಮನೆಗೆ ಬರಲು 12 ದಿನ. ನಾನು ಬರೆಯುತ್ತಿರುವುದು ಈ ಎರಡನೆಯದರ ಬಗ್ಗೆ.

ಕೆಲಸ ನಿಜಕ್ಕೂ ಚೆನ್ನಾಗಿದೆ. ರೆಕ್ಕೆಯ ಒಂದೊಂದು ಗರಿಗೂ ದಾರ ಬೇರೆ ಓರೆಯಲ್ಲಿ ಓಡಿದೆ, ಹಾಗಾಗಿ ಕಿಟಕಿ ಹತ್ತಿರ ಹಿಡಿದರೆ ಕೆಲವು ಗರಿ ಹೊಳೆಯುತ್ತವೆ, ಕೆಲವು ಮಬ್ಬಾಗಿ ಕಾಣುತ್ತವೆ. ಅಂಚಿನ ಹೊಲಿಗೆ ಬಿಗಿಯಾಗಿದೆ, ಒಂದು ಎಳೆಯೂ ಎದ್ದಿಲ್ಲ. ಗಾಜು ಹಾಕುವ ಮುಂಚೆ ದೊಡ್ಡಪ್ಪ ಅದನ್ನ ಹೆಬ್ಬೆರಳಲ್ಲಿ ಎರಡು ಸಲ ಸವರಿ, 'ಕೆಂಪು ಸರಿಯಾಗಿದೆ' ಅಂದರು. ಆ ಮಾತಿಗಾಗಿಯೇ ನಾನು ಒಂದು ತಿಂಗಳು ಓಡಾಡಿದ್ದು.

ಸೈನ್ಯದವರು ಇದಕ್ಕೆ ಫಾರ್ಮೇಶನ್ ಸೈನ್ ಅನ್ನುತ್ತಾರೆ. ತೋಳಿನ ಮೇಲೆ, ಗಾಡಿಗಳ ಮೇಲೆ ಇರುತ್ತದೆ. ಹೆಸರಿಲ್ಲ, ನಂಬರಿಲ್ಲ, ಬರೀ ಚಿತ್ರ. ನಮ್ಮವರಿಗೆ ಗೊತ್ತಾಗಬೇಕು, ಎದುರಾಳಿಗೆ ಗೊತ್ತಾಗಬಾರದು, ಅಷ್ಟೇ ಲೆಕ್ಕ. 1971ರಲ್ಲಿ ಪೂರ್ವ ಪಾಕಿಸ್ತಾನದ ಕಡೆ ಹೊರಡುವ ಮುಂಚೆ ಲಾರಿ ಮೇಲಿದ್ದ ಹದ್ದಿಗೆ ತಾವೇ ಬಣ್ಣ ಬಳಿದು ಮುಚ್ಚಿದ್ದನ್ನ ದೊಡ್ಡಪ್ಪ ಎಷ್ಟೋ ಸಲ ಹೇಳಿದ್ದಾರೆ. ಅದೇ ಅಂಗಡಿಯಲ್ಲಿ 17ನೇ ಡಿವಿಷನ್ನಿನ ಕರಿ ಬೆಕ್ಕೂ ಇದೆ, 19ನೇಯವರ ಕಠಾರಿಯೂ ಇದೆ. ಕಠಾರಿ ನೋಡಿ ನನಗೆ ತಕ್ಷಣ ನೆನಪಾಗಿದ್ದು ನಮ್ಮ ಕೊಡಗಿನ ತಿಮ್ಮಯ್ಯನವರು. 1948ರಲ್ಲಿ ಕಾಶ್ಮೀರದಲ್ಲಿ ಆ ಡಿವಿಷನ್ ಅವರ ಕೈಯಲ್ಲಿತ್ತು, ಜೋಜಿಲಾ ಕಣಿವೆಗೆ, 11,000 ಅಡಿಗೂ ಮೇಲೆ, ಟ್ಯಾಂಕ್ ಹತ್ತಿಸಿದ್ದು ಆಗಲೇ. ಮುಂದಿನ ಸಲ ಅದನ್ನೂ ತರಿಸುತ್ತೇನೆ.

ಈಗ ಕಾರ್ಡಿನ ವಿಷಯ. ಫ್ರೇಮಿನ ಕೆಳಭಾಗದಲ್ಲಿ ಡಿವಿಷನ್ನಿನ ಚರಿತ್ರೆ ಅಂತ ಒಂದು ಕಾರ್ಡು ಅಂಟಿಸಿದ್ದಾರೆ. 1939ರಲ್ಲಿ ಈಜಿಪ್ಟಿನಲ್ಲಿ ಹುಟ್ಟಿದ್ದು ಸರಿಯಾಗಿದೆ. 1940ರ ಡಿಸೆಂಬರಿನಲ್ಲಿ ಅದೇ ಈಜಿಪ್ಟಿನ ಸಿದಿ ಬರಾನಿಯಲ್ಲಿ ಇಟಲಿಯವರನ್ನ ಸೋಲಿಸಿದ್ದೂ ಸರಿ. ಆಮೇಲೆ 'ಕೆರೆನ್, ಲಿಬಿಯಾ' ಅಂತ ಅಚ್ಚಾಗಿದೆ, ಅದು ತಪ್ಪು. ಕೆರೆನ್ ಇರುವುದು ಎರಿಟ್ರಿಯಾದಲ್ಲಿ. ಕಲ್ಲುಗುಡ್ಡಗಳ ನಡುವಿನ ಆ ಊರನ್ನ ಗೆಲ್ಲಲು 1941ರ ಫೆಬ್ರವರಿಯಿಂದ ಮಾರ್ಚ್ 27ರವರೆಗೆ ಹಿಡಿಯಿತು, ರಜಪೂತಾನ ರೈಫಲ್ಸಿನ ಸುಬೇದಾರ್ ರಿಛ್‌ಪಾಲ್ ರಾಮ್ ಅಲ್ಲೇ ಸತ್ತು ವಿಕ್ಟೋರಿಯಾ ಕ್ರಾಸ್ ಪಡೆದರು. ಅಂಥ ಜಾಗವನ್ನ ಬೇರೆ ದೇಶಕ್ಕೆ ಸೇರಿಸಬಾರದಿತ್ತು.

ಅದಕ್ಕಿಂತ ನೋವಾಗಿದ್ದು ಬೇರೆ. ಇಟಲಿಯ ಕ್ಯಾಸಿನೋ ಊರಿನ ಯುದ್ಧ ಆದ ಮೇಲೆ ಕಾರ್ಡು ನೇರವಾಗಿ 1965ರ ಪಾಕಿಸ್ತಾನ ಯುದ್ಧಕ್ಕೆ ಜಿಗಿಯುತ್ತದೆ. 1962 ಇಲ್ಲವೇ ಇಲ್ಲ. ಆ ವರ್ಷ ಚೀನಾ ಯುದ್ಧದಲ್ಲಿ ಈಶಾನ್ಯದ ಗಡಿಯಲ್ಲಿ ನಿಂತಿದ್ದದ್ದು ಇದೇ ಕೆಂಪು ಹದ್ದು. ಅಕ್ಟೋಬರ್ 20ರ ಬೆಳಗ್ಗೆ ನಮ್ಕಾ ಚು ಹೊಳೆ ಹತ್ತಿರ ಡಿವಿಷನ್ನಿನ 7ನೇ ಬ್ರಿಗೇಡ್ ಮುರಿದುಬಿತ್ತು, ನವೆಂಬರಿನಲ್ಲಿ ಸೆ ಲಾ ಕಣಿವೆ ಕೈತಪ್ಪಿ ಹೋಯಿತು, ಬೊಮ್ಡಿಲಾ ಊರೂ ಹೋಯಿತು. ಕೆರೆನ್ ಗೆದ್ದ ಡಿವಿಷನ್ ಚದುರಿ ಹೋಯಿತು. ಮೂರು ವರ್ಷವೂ ತುಂಬಿರಲಿಲ್ಲ, ಅದೇ ಗುರುತಿನವರು ಪಂಜಾಬಿನ ಖೇಮ್‌ಕರಣ್ ಹತ್ತಿರ ಅಸಲ್ ಉತ್ತರ್ ಅನ್ನೋ ಹಳ್ಳಿಯ ಸುತ್ತ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳಿಗೆ ಎದುರಾಗಿ ನಿಂತರು. ಹೊಲಗಳಿಗೆ ಕಾಲುವೆ ನೀರು ಬಿಟ್ಟು ನೆಲ ಕೆಸರು ಮಾಡಿದ್ದರು, ಟ್ಯಾಂಕುಗಳು ಹೂತುಕೊಂಡವು. ಜೀಪಿನ ಮೇಲಿನ ಫಿರಂಗಿಯಿಂದ ಅಬ್ದುಲ್ ಹಮೀದ್ ಒಂದಾದ ಮೇಲೊಂದು ಹೊಡೆದು ಪರಮವೀರ ಚಕ್ರ ಪಡೆದದ್ದು ಅಲ್ಲೇ. ಭಾರತದ ಲೆಕ್ಕದಲ್ಲಿ ಪಾಕಿಸ್ತಾನ ಕಳೆದುಕೊಂಡ ಟ್ಯಾಂಕು 97. ಊರಿನ ಹೆಸರು ಕನ್ನಡದಲ್ಲೇ ಅರ್ಥವಾಗುತ್ತದೆ, ಅಸಲಿ ಉತ್ತರ. ಆದರೆ 1962 ಗೊತ್ತಿಲ್ಲದವರಿಗೆ ಅದು ಯಾವ ಪ್ರಶ್ನೆಗೆ ಉತ್ತರ ಅಂತ ಹೇಗೆ ತಿಳಿಯಬೇಕು?

ದೊಡ್ಡಪ್ಪ ಸೇರುವಾಗ ಅಲ್ಲಿದ್ದ ಹಳಬರು ಎರಡನ್ನೂ ಕಂಡವರು. ಸೋಲಿನ ಕಥೆ ಹೇಳದೆ ಗೆಲುವಿನ ಕಥೆ ಹೇಳುತ್ತಿರಲಿಲ್ಲವಂತೆ. ಕಾರ್ಡು ಓದಿ ಅವರು ತುಂಬ ಹೊತ್ತು ಮಾತಾಡಲಿಲ್ಲ.

ಅಂಗಡಿಯವರಿಗೆ ಫೋನ್ ಮಾಡಿದೆ. ಎರಿಟ್ರಿಯಾ ತಪ್ಪನ್ನ ಒಪ್ಪಿಕೊಂಡರು, ಹೊಸ ಕಾರ್ಡು ಉಚಿತವಾಗಿ ಕಳಿಸುತ್ತೇವೆ ಅಂದರು. 1962 ಸೇರಿಸಿ ಅಂದಾಗ, 'ಉಡುಗೊರೆ ಸಾಮಾನು ಸರ್, ಸೋಲು ಯಾರು ತಗೋತಾರೆ' ಅಂದರು. ನಾನು ತಗೋತೀನಿ ಅಂತ ಹೇಳಿ, ಬೇಕಾದ ಸಾಲುಗಳನ್ನ ಬರೆದು ಕಳಿಸಿದೆ. ಅಚ್ಚು ಹಾಕಿ ಕಳಿಸಿದರು, ಅದಕ್ಕೆ ಅವರಿಗೆ ನಿಜವಾಗಲೂ ಥ್ಯಾಂಕ್ಸ್.

ತರಿಸುವವರು ಆರ್ಡರ್ ಮಾಡುವಾಗಲೇ ಕಾರ್ಡಿನ ಬರಹ ಕೇಳಿ ತರಿಸಿ ಓದಿ. ಗಾಜು ಬೇಡ ಅಂದರೆ 150 ರೂಪಾಯಿ ಕಮ್ಮಿ. ಹಿಂದಿನ ಕೊಕ್ಕೆ ಸ್ವಲ್ಪ ಸಡಿಲ, ನಾವು ಬೇರೆ ಹಾಕಿಸಿದೆವು. ಈಗ ಫ್ರೇಮು ಹಾಲಿನಲ್ಲಿದೆ, ದೊಡ್ಡಪ್ಪ ಕೂರುವ ಕುರ್ಚಿಯ ಎದುರಿಗೆ.